ಸರಾಸರಿಯ ಲೆಕ್ಕವೂ ಉತ್ತರ ಕನ್ನಡದ ಗದ್ದೆಯೂ

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ನದಿಯ ಅಳಿವೆಗೆ ಅನತಿದೂರದಲ್ಲಿ, ಬೆಳಂಬಾರವೆಂಬ ಕಡಲತಡಿಯ ಗ್ರಾಮವುಂಟು. ಹಾಲಕ್ಕಿ ಒಕ್ಕಲಿಗರ ಬೇಸಾಯಕ್ಕೂ ನಾಟಿವೈದ್ಯಕ್ಕೂ ಹೆಸರಾದ ಊರಿದು. ಈ ಸೀಮೆಯ ಪ್ರೌಢಶಾಲೆಗಳಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಗಣಿತಪುಸ್ತಕದಲ್ಲಿ ಸಂಖ್ಯಾಶಾಸ್ತ್ರವೆಂಬ ಅಧ್ಯಾಯವನ್ನು ಓದುತ್ತಾರೆ. ದತ್ತಾಂಶಗಳನ್ನು ವರ್ಗಾಂತರಗಳಲ್ಲಿ ಹಂಚುವುದು, ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ಕಂಡುಹಿಡಿಯುವುದು ಇವೇ ಅದರ ವಿಷಯಗಳು. ಇದು ಪಶ್ಚಿಮದಿಂದ ಈಚೆಗೆ ಬಂದ ವಿದ್ಯೆ, ಪರೀಕ್ಷೆಯ ಕೆಲವು ಅಂಕಗಳಿಗೆ ಮಾತ್ರ ಬೇಕಾದ ಅಭ್ಯಾಸ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಚರಿತ್ರೆಯನ್ನು ನೋಡಿದರೆ ಸರಾಸರಿಯೆಂಬುದು ಕನ್ನಡ ನಾಡಿನ ರೈತನಿಗೆ ಪಾಠಶಾಲೆಯಲ್ಲಿ ದೊರೆತುದಲ್ಲ. ಅದು ಕಂದಾಯದ ಕಡತದ ಮೂಲಕ ಅವನ ಗದ್ದೆಗೇ ಬಂದುದು. ಆ ಲೆಕ್ಕವನ್ನು ಮಾಡಬಲ್ಲವರು ಎಂದೂ ಇದ್ದರು. ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ವಿಚಾರಿಸಿದವರು ವಿರಳ. ಈ ಎರಡರ ನಡುವಣ ಅಂತರವೇ ಇಲ್ಲಿಯ ವಿಚಾರ.

ಮೊದಲು ಹೆಸರನ್ನೇ ಪರಿಶೀಲಿಸಬಹುದು. ಸರಾಸರಿ ಎಂಬುದು ಪಾರಸಿಯಿಂದ ಬಂದ ಶಬ್ದ. ಒಂದು ತಲೆಯಿಂದ ಇನ್ನೊಂದು ತಲೆಯವರೆಗೆ, ಎಂದರೆ ಒಟ್ಟಾಗಿ ನೋಡಿದಾಗ, ಎಂಬುದು ಅದರ ಮೂಲಾರ್ಥ. ಜಮಾಬಂದಿ, ವಸೂಲು ಮೊದಲಾದ ಮಾತುಗಳಂತೆ ಇದೂ ರಾಜ್ಯಾಡಳಿತದ ಭಾಷೆಯೊಡನೆ ಕನ್ನಡದಲ್ಲಿ ನೆಲೆಗೊಂಡಿತು. ಶಬ್ದವು ಹೊರಗಿನದಾದರೂ ಕಲ್ಪನೆಯು ಹಾಗಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಬೇರೆಬೇರೆ ಬಣ್ಣದ ಚಿನ್ನದ ತುಂಡುಗಳನ್ನು ಕರಗಿಸಿ ಕೂಡಿಸಿದಾಗ ಉಂಟಾಗುವ ಬಣ್ಣವನ್ನು ತಿಳಿಯುವ ಕ್ರಮವಿದೆ. ಪ್ರತಿಯೊಂದು ತುಂಡಿನ ತೂಕವನ್ನು ಅದರ ಬಣ್ಣದಿಂದ ಗುಣಿಸಿ, ಬಂದುದನ್ನೆಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು. ತೂಕವರಿತ ಸರಾಸರಿಯೆಂದರೆ ಇದೇ. 1150ರಲ್ಲಿ ಭಾಸ್ಕರಾಚಾರ್ಯನು ಬರೆದ ಲೀಲಾವತಿಯಲ್ಲಿ ಏರುಪೇರಾದ ಹಳ್ಳದ ಉದ್ದಗಲ ಆಳಗಳನ್ನು ಹಲವು ಕಡೆಗಳಲ್ಲಿ ಅಳೆದು, ಕೂಡಿಸಿ, ಅಳೆದ ಸ್ಥಾನಗಳ ಸಂಖ್ಯೆಯಿಂದ ಭಾಗಿಸುವ ವಿಧಾನವನ್ನು ಹೇಳಿದೆ. ಅದೇ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿ ಲೆಕ್ಕದ ವಿದ್ಯೆಯನ್ನು ದೇಶಭಾಷೆಗೆ ತಂದನು.

ಚಿನ್ನ ಮತ್ತು ಹಳ್ಳಗಳ ಲೆಕ್ಕಕ್ಕೂ ಬೆಳೆಯ ಲೆಕ್ಕಕ್ಕೂ ಒಂದು ಮುಖ್ಯ ಭೇದವುಂಟು. ಕರಗಿದ ಚಿನ್ನದಲ್ಲಿ ಸರಾಸರಿಯು ನಿಜವಾಗಿಯೇ ಇರುತ್ತದೆ. ಗಟ್ಟಿಯ ಯಾವ ಚೂರನ್ನು ಒರೆಗೆ ಹಚ್ಚಿದರೂ ಅದೇ ಬಣ್ಣ ದೊರೆಯುತ್ತದೆ. ಹನ್ನೆರಡು ವರ್ಷಗಳ ಬೆಳೆಯನ್ನು ಹಾಗೆ ಕರಗಿಸಿ ಒಂದುಮಾಡಲು ಬರುವುದಿಲ್ಲ. ಅಲ್ಲಿ ಸರಾಸರಿಯು ಕಾಗದದ ಮೇಲಿನ ವಸ್ತು. ರೈತನು ಉಣ್ಣುವುದು ಆಯಾ ವರ್ಷದ ಬೆಳೆಯನ್ನೇ.

ಬೆಳೆಯ ಸರಾಸರಿಯನ್ನು ರಾಜ್ಯದ ಕಂದಾಯಕ್ಕೆ ಆಧಾರವಾಗಿ ಮಾಡಿದ ಪ್ರಸಿದ್ಧ ಉದಾಹರಣೆಯು ಕೆಳದಿಯದು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಶಿಸ್ತು ಇಂದಿಗೂ ಜನರ ನಾಲಗೆಯಲ್ಲಿದೆ. 1838ರಲ್ಲಿ ನಗರದ ಸೀಮೆಯ ಕಂದಾಯವನ್ನು ಕುರಿತು ಸ್ಟೋಕ್ಸ್ ಎಂಬ ಅಧಿಕಾರಿಯು ಬರೆದ ವರದಿಯಿಂದಲೂ ಅನಂತರದ ಮೈಸೂರು ಗ್ಯಾಸೆಟಿಯರಿನಿಂದಲೂ ಅದರ ಕ್ರಮವು ತಿಳಿದುಬರುತ್ತದೆ. ಅಲ್ಲಿ ಉಳಿದುಬಂದ ಪರಂಪರೆಯಂತೆ, ನಾಯಕನು ಪ್ರತಿ ಗ್ರಾಮದಲ್ಲಿ ಒಂದೊಂದು ಬಗೆಯ ಮಣ್ಣಿಗೆ ಒಂದೊಂದು ಹೊಲವನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ತನ್ನ ಖರ್ಚಿನಿಂದಲೇ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ಕೂಲಿಯೆಷ್ಟು, ಬೆಳೆದುದೆಷ್ಟು ಎಂಬುದನ್ನು ವರ್ಷವರ್ಷಕ್ಕೂ ಬರೆಯಿಸಿದನು. ಆಮೇಲೆ ಬೆಳೆಗೂ ಬೆಲೆಗೂ ಸರಾಸರಿಯನ್ನು ತೆಗೆದು, ಉತ್ಪನ್ನದ ಮೂರರಲ್ಲಿ ಒಂದು ಪಾಲನ್ನು ರಾಜಭಾಗವೆಂದು ನಿಶ್ಚಯಿಸಿದನು.

ಈ ಕ್ರಮದ ವಿವೇಕವು ಮೂರು ಅಂಶಗಳಲ್ಲಿ ಕಾಣುತ್ತದೆ. ಎಲ್ಲ ಹೊಲಗಳನ್ನೂ ಅಳೆಯುವುದು ಅಶಕ್ಯವಾದ್ದರಿಂದ ಪ್ರತಿಯೊಂದು ಬಗೆಯ ನೆಲಕ್ಕೂ ಮಾದರಿಯನ್ನು ಆರಿಸಿದುದು ಮೊದಲನೆಯದು. ಒಳ್ಳೆಯ ಮಳೆಯ ಒಂದೇ ವರ್ಷವನ್ನು ನೋಡಿ ತೀರ್ಮಾನಿಸದೆ ಹನ್ನೆರಡು ವರ್ಷ ಕಾದುದು ಎರಡನೆಯದು. ಫಸಲಿನೊಡನೆ ಬೀಜ ಕೂಲಿಗಳ ವೆಚ್ಚವನ್ನೂ ಬರೆಯಿಸಿದುದು ಮೂರನೆಯದು. ಇಂದಿನ ಪಾಠದಲ್ಲಿ ದತ್ತಾಂಶ ಸಂಗ್ರಹವೆಂದು ಹೇಳುವುದರ ಮುಖ್ಯ ನಿಯಮಗಳು ಇವೇ.

ಅಂಕೋಲೆಯ ಸೀಮೆಯು ಸೋದೆಯ ಅರಸರಿಗೆ ಸೇರಿದ್ದಿತು; ಗಂಗಾವಳಿಯ ದಕ್ಷಿಣದ ಕರಾವಳಿಯಲ್ಲಿ ಕೆಳದಿಯವರ ಆಳಿಕೆ ಹಬ್ಬಿದ್ದಿತು. 1763ರಲ್ಲಿ ಹೈದರನು ಬಿದನೂರನ್ನು ಗೆದ್ದ ಮೇಲೆ ಈ ಕರಾವಳಿಯು ಮೈಸೂರಿನ ವಶವಾಯಿತು. ಹಳೆಯ ಶಿಸ್ತಿನ ಮೇಲೆ ಹೊಸ ಹೆಚ್ಚುವರಿಗಳು ಕೂಡುತ್ತ ಬಂದವು. 1799ರಲ್ಲಿ ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರನಾಗಿ ಬಂದ ತಾಮಸ್ ಮನ್ರೋನು ಹಳೆಯ ಕಡತಗಳನ್ನು ತೆಗೆಯಿಸಿ ಓದಿ, 1800ನೆಯ ಮೇ ತಿಂಗಳಲ್ಲಿ ರೆವಿನ್ಯೂ ಬೋರ್ಡಿಗೆ ಬರೆದ ಪತ್ರದಲ್ಲಿ ವಿಜಯನಗರದ ಕಾಲದಿಂದ ತನ್ನ ಕಾಲದವರೆಗಿನ ಕಂದಾಯದ ಇತಿಹಾಸವನ್ನು ನಿರೂಪಿಸಿದನು. ಕಡತದಲ್ಲಿ ಬರೆದ ಬೇರೀಜು ಬೇರೆ, ಕೈಗೆ ಬಂದ ವಸೂಲು ಬೇರೆ ಎಂಬ ಭೇದವು ಅಂಥ ಕಡತಗಳನ್ನು ಓದುವವನಿಗೆ ಬೀಗದ ಕೈ ಇದ್ದಂತೆ. ಬೇರೀಜು ಏರಿದುದನ್ನು ಮಾತ್ರ ನೋಡಿದವನು ನಾಡು ಸಮೃದ್ಧವಾಯಿತೆನ್ನುವನು. ಬಾಕಿಯನ್ನೂ ಪಾಳುಬಿದ್ದ ಭೂಮಿಯನ್ನೂ ನೋಡಿದವನು ಅದಕ್ಕೆ ವಿರುದ್ಧವಾದುದನ್ನು ಹೇಳುವನು. ಅಂಕಿಗಳು ಒಂದೇ, ಓದುವ ಬಗೆ ಎರಡು.

ಸರಾಸರಿಯು ಏನನ್ನು ಮರೆಸುತ್ತದೆಂಬುದು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಈ ಕರಾವಳಿಯಲ್ಲಿ ಮಳೆಯನ್ನೇ ನಂಬಿದ ಎತ್ತರದ ಮಕ್ಕಿಗದ್ದೆ, ತಗ್ಗಿನ ಬೈಲುಗದ್ದೆ, ಅಳಿವೆಯ ಬದಿಯಲ್ಲಿ ಉಪ್ಪುನೀರನ್ನು ಒಡ್ಡಿನಿಂದ ತಡೆದು ಬೆಳೆಯುವ ಗಜನಿಗದ್ದೆ ಎಂಬ ಭೇದಗಳುಂಟು. ಒಂದು ಗಜನಿಯಲ್ಲಿ ಏಳು ವರ್ಷಗಳ ಬೆಳೆಯು ಕ್ರಮವಾಗಿ 12, 13, 12, 14, 13, 0, 13 ಖಂಡುಗಗಳೆಂದು ಭಾವಿಸಬೇಕು. ಆರನೆಯ ವರ್ಷ ಒಡ್ಡು ಒಡೆದು ಉಪ್ಪುನೀರು ನುಗ್ಗಿತು. ಒಟ್ಟು ಬೆಳೆ 77, ಸರಾಸರಿ 11 ಖಂಡುಗ. ಆದರೆ ಏಳು ವರ್ಷಗಳಲ್ಲಿ ಒಂದರಲ್ಲಿಯೂ ಗದ್ದೆಯು 11 ಖಂಡುಗವನ್ನು ಕೊಟ್ಟಿಲ್ಲ. ಏರಿಕೆಯ ಕ್ರಮದಲ್ಲಿ ಬರೆದರೆ ನಡುವೆ ನಿಲ್ಲುವ ಮಧ್ಯಾಂಕವು 13. ಹೆಚ್ಚು ಸಲ ಬಂದ ಬಹುಲಕವೂ 13. ಸಾಮಾನ್ಯ ವರ್ಷದ ಬೆಳೆಯನ್ನು ತಿಳಿಯಬೇಕಾದವನಿಗೆ ಮಧ್ಯಾಂಕವು ನಿಜವನ್ನು ಹೇಳುತ್ತದೆ. ಏಳು ವರ್ಷಗಳ ಒಟ್ಟು ಆದಾಯವನ್ನು ಎಣಿಸುವ ಭಂಡಾರಕ್ಕೆ ಸರಾಸರಿಯು ಸಾಕಾಗುತ್ತದೆ. ಒಡ್ಡು ಒಡೆದ ವರ್ಷದ ರೈತನಿಗೆ ಇವೆರಡೂ ಉಪಯೋಗವಿಲ್ಲ. ಅವನಿಗೆ ಬೇಕಾದುದು ಆ ಸೊನ್ನೆಯ ಲೆಕ್ಕ. ಕಂದಾಯವು ಸರಾಸರಿಯ ಮೂರನೆಯ ಒಂದು ಪಾಲೆಂದು ಸ್ಥಿರವಾದರೆ, ಸೊನ್ನೆ ಬೆಳೆದ ವರ್ಷವೂ ಅವನು ಮೂರೂ ಮುಕ್ಕಾಲು ಖಂಡುಗಕ್ಕೆ ಸಮೀಪವಾದ ಬೆಲೆಯನ್ನು ತೆರಬೇಕಾಗುತ್ತದೆ. ಗದ್ದೆಯು ಗೇಣಿಯದಾದರೆ ಕಡತದಲ್ಲಿ ಒಡೆಯನ ಹೆಸರಿರುತ್ತದೆ, ನಷ್ಟವು ಮಾತ್ರ ಒಕ್ಕಲಿನ ಮನೆಯಲ್ಲಿರುತ್ತದೆ.

1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಆಧಿಪತ್ಯಕ್ಕೆ ಸೇರಿತು. ಮುಂಬಯಿಯ ಸರ್ವೆಯ ಪದ್ಧತಿಯಲ್ಲಿ ಮಣ್ಣಿನ ಗುಣವನ್ನು ರೂಪಾಯಿಯ ಆಣೆಗಳಂತೆ ಎಣಿಸುತ್ತಿದ್ದರು. ಉತ್ಕೃಷ್ಟವಾದ ನೆಲವು 16 ಆಣೆ, ಉಳಿದುದು ಅದಕ್ಕೆ ಇಳಿದು. ಹೊಸ ಕಂದಾಯವನ್ನು ಜಿಲ್ಲೆಯ ಭೂಹಿಡುವಳಿದಾರರು ಒಪ್ಪಲಿಲ್ಲ. ಪ್ರಾಚೀನ ಶಿಸ್ತು ಶಾಶ್ವತವಾದುದು, ಅದನ್ನು ಮೀರಿ ಏರಿಸುವ ಅಧಿಕಾರವು ಸರಕಾರಕ್ಕಿಲ್ಲ ಎಂದು ವಾದಿಸಿದರು. 1875ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಈ ಸೀಮೆಯ ಕಂದಾಯದ ಇತಿಹಾಸವನ್ನೆಲ್ಲ ವಿಸ್ತಾರವಾಗಿ ವಿಚಾರಿಸಿ ಸರಕಾರದ ಪಕ್ಷದಲ್ಲಿಯೇ ತೀರ್ಪಿತ್ತಿತು. ಹೀಗೆ ಒಂದು ಕಾಲದ ಲೆಕ್ಕವು ಮುಂದಿನ ಕಾಲದ ಹಕ್ಕಿನ ಪ್ರಶ್ನೆಯಾಗಿ ಪರಿಣಮಿಸಿತು.

ಅಂಕಿಗಳನ್ನು ಪರೀಕ್ಷಿಸದೆ ನಂಬುವುದರ ಫಲವು ಅದೇ ಆಧಿಪತ್ಯದ ಗುಜರಾತಿನ ಭಾಗದಲ್ಲಿ, 1928ರ ಬಾರ್ಡೋಲಿಯಲ್ಲಿ, ಪ್ರಕಟವಾಯಿತು. ಅಲ್ಲಿ ಸರಕಾರವು ಕಂದಾಯವನ್ನು ನೂರಕ್ಕೆ 22ರಷ್ಟು ಏರಿಸಿದ್ದಿತು. ಏರಿಕೆಗೆ ಆಧಾರವಾದ ಗೇಣಿಯ ಅಂಕಿಗಳನ್ನು ಹಳ್ಳಿಗಳಲ್ಲಿ ಸರಿಯಾಗಿ ವಿಚಾರಿಸಿ ಸಂಗ್ರಹಿಸಿಲ್ಲವೆಂಬುದೇ ರೈತರ ಮುಖ್ಯ ಆಕ್ಷೇಪವಾಗಿತ್ತು. ಸತ್ಯಾಗ್ರಹದ ಬಳಿಕ ನೇಮಿಸಲ್ಪಟ್ಟ ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್ ಎಂಬ ಅಧಿಕಾರಿಗಳು ವಿಚಾರಣೆ ನಡೆಸಿ, ನೂರಕ್ಕೆ ಸುಮಾರು 6ರಷ್ಟು ಏರಿಕೆಯು ಮಾತ್ರ ಯುಕ್ತವೆಂದು ಕಂಡರು. ಇಪ್ಪತ್ತೆರಡಕ್ಕೂ ಆರಕ್ಕೂ ಇರುವ ಅಂತರವು ಗಣಿತದ ತಪ್ಪಿನಿಂದ ಬಂದುದಲ್ಲ. ಕೂಡಿಸುವ ಮೊದಲು ಕೇಳಬೇಕಾದುದನ್ನು ಕೇಳದಿದ್ದುದರಿಂದ ಬಂದುದು.

1930ರಲ್ಲಿ ಉಪ್ಪಿನ ಸತ್ಯಾಗ್ರಹವು ನಡೆದ ಅಂಕೋಲೆಯಲ್ಲಿಯೂ ಸಿದ್ದಾಪುರದಲ್ಲಿಯೂ ಆ ಬಳಿಕ ಕರನಿರಾಕರಣೆಯ ಚಳವಳಿಯು ತೀವ್ರವಾಗಿ ನಡೆಯಿತು. ಅಂಕೋಲೆಯಲ್ಲಿ ಅದರ ಪ್ರೇರಣೆಯು ಪ್ರಧಾನವಾಗಿ ರಾಜಕೀಯವಾದುದು. ಆದರೆ 1929ರಿಂದ ಲೋಕವನ್ನೆಲ್ಲ ವ್ಯಾಪಿಸಿದ ಆರ್ಥಿಕ ಕುಸಿತದಲ್ಲಿ ಧಾನ್ಯದ ಬೆಲೆಯು ಬಿದ್ದುಹೋಗಿದ್ದಿತೆಂಬುದನ್ನು ಮರೆಯುವಂತಿಲ್ಲ. ಕಂದಾಯವು ಹಿಂದಿನ ವರ್ಷಗಳ ಬೆಲೆಯನ್ನು ನೋಡಿ ನಾಣ್ಯದಲ್ಲಿ ನಿಗದಿಯಾದುದು. ಬೆಲೆಯು ಇಳಿದಾಗ ಅದು ತಾನಾಗಿ ಇಳಿಯಲಿಲ್ಲ. ಅನೇಕ ಕುಟುಂಬಗಳು ಮನೆ ಗದ್ದೆಗಳನ್ನು ಜಪ್ತಿಗೂ ಹರಾಜಿಗೂ ಒಪ್ಪಿಸಿದುವು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಬಂದ ಮೇಲೆ ಕಳೆದುಕೊಂಡ ಭೂಮಿಯನ್ನು ಹಿಂದಿರುಗಿಸುವ ಏರ್ಪಾಡಾಯಿತು. ಗೇಣಿಯ ಒಕ್ಕಲಿಗೆ ಭೂಮಿಯ ಒಡೆತನವು ದೊರೆಯಲು ಕರ್ನಾಟಕದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಶಾಸನದವರೆಗೆ ಕಾಯಬೇಕಾಯಿತು.

ಬೆಳೆಯ ಲೆಕ್ಕದಂತೆಯೇ ಜನರ ಲೆಕ್ಕವೂ ಎಚ್ಚರವನ್ನು ಬೇಡುತ್ತದೆ. ಉತ್ತರ ಕನ್ನಡದ ಜನಸಂಖ್ಯೆಯು 1872ರಲ್ಲಿ 3,98,406, 1881ರಲ್ಲಿ 4,21,840, 1891ರಲ್ಲಿ 4,46,351, 1901ರಲ್ಲಿ 4,54,490. ಮೊದಲ ಎರಡು ಏರಿಕೆಗಳು 23,434 ಮತ್ತು 24,511. ಎರಡನೆಯ ಅವಧಿಯಲ್ಲಿಯೇ ಹೆಚ್ಚಳವು ದೊಡ್ಡದೆಂದು ತೋರುತ್ತದೆ. ಆದರೆ 1872ರಿಂದ 1881ರವರೆಗೆ ಒಂಬತ್ತೇ ವರ್ಷ, ಮುಂದಿನದು ಹತ್ತು. ವರ್ಷಕ್ಕೆ ಹಂಚಿದರೆ ಮೊದಲನೆಯದು ಸುಮಾರು 2,604, ಎರಡನೆಯದು 2,451. ಅವಧಿಯನ್ನು ಲಕ್ಷಿಸದ ಓದುಗನು ಇಳಿಕೆಯನ್ನು ಏರಿಕೆಯೆಂದು ಬಗೆಯುವನು. ಮೂರನೆಯ ಅವಧಿಯಲ್ಲಿ ಅದು ವರ್ಷಕ್ಕೆ 814ಕ್ಕೆ ಕುಸಿಯಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು, ಘಟ್ಟದ ಕಾಡುಗಳ ಮಲೆಜ್ವರ, ವಲಸೆ ಮೊದಲಾದ ಕಾರಣಗಳು ಒಡನೆಯೇ ನೆನಪಿಗೆ ಬರುತ್ತವೆ. ಆದರೆ ಎರಡು ಸಂಗತಿಗಳು ಒಂದೇ ಕಾಲದಲ್ಲಿ ನಡೆದುವೆಂಬಷ್ಟರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ತಾಲೂಕುಗಳ ಅಂಕಿಗಳನ್ನೂ ಜನನಮರಣಗಳ ದಾಖಲೆಯನ್ನೂ ಹೋಲಿಸಿಯೇ ನಿರ್ಣಯಿಸಬೇಕು. 3,945 ಚದರ ಮೈಲಿಯ ಜಿಲ್ಲೆಗೆ 1901ರಲ್ಲಿ ಚದರ ಮೈಲಿಗೆ 115 ಜನರ ಸರಾಸರಿ ಬರುತ್ತದೆ. ಕಿಕ್ಕಿರಿದ ಕುಮಟೆಯ ಕರಾವಳಿಗೂ ಕಾಡು ತುಂಬಿದ ಸೂಪೆಗೂ ಅದೇ ಸಂಖ್ಯೆಯನ್ನು ಅನ್ವಯಿಸಿದರೆ ಎರಡೂ ಸುಳ್ಳಾಗುತ್ತವೆ.

ಈ ಸೀಮೆಯಲ್ಲಿ ರೈತರ ಪ್ರಶ್ನೆಯನ್ನೂ ವಿದ್ಯೆಯ ಪ್ರಶ್ನೆಯನ್ನೂ ಒಟ್ಟಿಗೆ ಕಂಡವರಲ್ಲಿ ಅಂಕೋಲಾ ತಾಲೂಕಿನವರಾದ ದಿನಕರ ದೇಸಾಯಿಯವರು ಪ್ರಮುಖರು. ಸಾಹಿತ್ಯಲೋಕವು ಅವರನ್ನು ಚುಟುಕಗಳ ಕವಿಯೆಂದು ಬಲ್ಲುದು. ಆದರೆ ಭಾರತದ ನಾವಿಕ ಕಾರ್ಮಿಕರ ಸ್ಥಿತಿಯನ್ನು ಕುರಿತು 1940ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದವರೂ ಅವರೇ. ಗೇಣಿದಾರರ ಪಕ್ಷವನ್ನು ಹಿಡಿದು ಹೋರಾಡಿದ ಅವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯ ಹಳ್ಳಿಗಳಿಗೆ ಪ್ರೌಢಶಿಕ್ಷಣವನ್ನು ಒಯ್ದರು. ಯಾರ ಬೆಳೆಯನ್ನು ಶತಮಾನಗಳ ಕಾಲ ಅನ್ಯರು ಎಣಿಸುತ್ತಿದ್ದರೋ ಅವರ ಮಕ್ಕಳು ತಾವೇ ಎಣಿಸಲು ಕಲಿತುದು ಇಂಥ ಶಾಲೆಗಳಲ್ಲಿ.

ಆದುದರಿಂದ ಬೆಳಂಬಾರದ ವಿದ್ಯಾರ್ಥಿಯು ಸರಾಸರಿಯ ಸೂತ್ರವನ್ನು ಕಂಠಪಾಠ ಮಾಡಿದರೆ ಅರ್ಧ ವಿದ್ಯೆ ಮಾತ್ರ ಆಯಿತು. ಎಷ್ಟು ವರ್ಷಗಳ ಬೆಳೆ, ಯಾವ ಗದ್ದೆಗಳ ಬೆಳೆ, ಎಣಿಸಿದವರು ಯಾರು, ಸೊನ್ನೆಯ ವರ್ಷವು ಎಲ್ಲಿ ಅಡಗಿದೆ ಎಂಬ ಪ್ರಶ್ನೆಗಳನ್ನು ಕೇಳಿದಾಗಲೇ ಉಳಿದ ಅರ್ಧವು ಪೂರ್ಣವಾಗುವುದು. ಶಿವಪ್ಪನಾಯಕನು ಒಂದು ಲೆಕ್ಕಕ್ಕಾಗಿ ಹನ್ನೆರಡು ವರ್ಷ ಕಾದನೆಂಬ ಮಾತು ಈ ನಾಡಿನ ನೆನಪಿನಲ್ಲಿ ಉಳಿದಿದೆ. ಸಂಖ್ಯೆಯನ್ನು ನುಡಿಯುವ ಮುನ್ನ ಅಷ್ಟು ತಾಳ್ಮೆಯೂ, ನುಡಿದ ಸಂಖ್ಯೆಯನ್ನು ಒಡ್ಡು ಒಡೆದ ಗದ್ದೆಯ ಬದಿಯಲ್ಲಿ ನಿಂತು ಓದುವಷ್ಟು ವಿವೇಚನೆಯೂ ಕೂಡಿದರೆ, ಸಂಖ್ಯಾಶಾಸ್ತ್ರದ ಪಾಠವು ಸಾರ್ಥಕವಾಗುವುದು.