ಒಂದು ಸೊನ್ನೆಯ ಬೆಲೆ



ಯುಗಾದಿಗೆಂದು ಬೆಂಗಳೂರಿನಿಂದ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾನು ರಚಿಸುತ್ತಿದ್ದ ಜಮೀನು ಲೆಕ್ಕದ ತಂತ್ರಾಂಶವನ್ನು ತೋರಿಸಿದ. ಬೇರೆ ಬೇರೆ ಕೋಷ್ಟಕಗಳಲ್ಲಿರುವ ಸರ್ವೆ ನಂಬರು, ಹೆಸರು, ವಿಸ್ತೀರ್ಣಗಳನ್ನು ಕೂಡಿಸಿ, ಒಂದೊಂದು ಹೊಲವನ್ನೂ ಒಂದು ಇಡೀ ವಸ್ತುವಾಗಿ ಒಪ್ಪಿಸುವ ಸಾಧನಕ್ಕೆ ‘ಆಬ್ಜೆಕ್ಟ್-ರಿಲೇಷನಲ್ ಮ್ಯಾಪರ್’ ಎಂದು ಹೆಸರಂತೆ. ನಮ್ಮ ಹೊಲವನ್ನೇ ಉದಾಹರಣೆಗೆ ತುಂಬಿಸಿದೆವು. ನಾನು ಹೇಳಿದ್ದು 2.30; ಪರದೆಯ ಮೇಲೆ ಮೂಡಿದ್ದು 2.3.

“ಎರಡೂ ಒಂದೇ ಅಲ್ಲವೇ ಸರ್?” ಎಂದ.

ಗಣಿತದಲ್ಲಿ ಒಂದೇ, ಹೊಲದಲ್ಲಿ ಅಲ್ಲ. ಅದರ ಕಾರಣ ನಮ್ಮ ಸೀಮೆಯ ಚರಿತ್ರೆಯಲ್ಲಿದೆ.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಮದ್ರಾಸಿನ ಸರ್ವೆಯಲ್ಲಿ ಎಕರೆಗೆ 100 ಸೆಂಟು. ಮೈಸೂರಿನ ಲೆಕ್ಕದಲ್ಲಿ ಎಕರೆಗೆ 40 ಗುಂಟೆ. ಆದ್ದರಿಂದ 2.30 ಎಂಬುದು ಸೆಂಟಿನಲ್ಲಿ ಎರಡು ಎಕರೆ ಮೂವತ್ತು ಸೆಂಟು. ಗುಂಟೆಯಲ್ಲಾದರೆ ಎರಡೂ ಮುಕ್ಕಾಲು ಎಕರೆ. ಸೊನ್ನೆ ಬಿದ್ದುಹೋಗಿ 2.3 ಆದರೆ, ಓದುವವನು ಮೂರೇ ಸೆಂಟೆಂದು ತಿಳಿದಾನು. ಇಪ್ಪತ್ತೇಳು ಸೆಂಟು ನೆಲ ಕಾಗದದಲ್ಲೇ ಮಾಯ!

ಕೂಡುವಾಗಲೂ ಇದೇ ಗೊಂದಲ. 2.30ಕ್ಕೆ 1.20 ಸೇರಿಸಿದರೆ ಸೆಂಟಿನಲ್ಲಿ 3.50, ಗುಂಟೆಯಲ್ಲಿ 4.10.

ಕೈಬರಹದ ಕಾಲದಲ್ಲಿ ಶಾನುಭೋಗರಿಗೆ ತಮ್ಮ ಊರಿನ ಅಳತೆ ಗೊತ್ತಿತ್ತು, ಬರೆಯದಿದ್ದರೂ ನಡೆಯುತ್ತಿತ್ತು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರ ಸೇರಿದ ಮೇಲೆ, ಊರಿನ ಆ ತಿಳಿವಳಿಕೆಯನ್ನು ಯಂತ್ರಕ್ಕೆ ಬಿಡಿಸಿ ಹೇಳಲೇಬೇಕಾಯಿತು. ಜಿಲ್ಲೆಯ ಹೆಸರನ್ನು ನೋಡಿ ಅಳತೆಯನ್ನು ಊಹಿಸುವಂತೆಯೂ ಇಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಜಿಲ್ಲೆ ಬದಲಾದರೂ ಹೊಲದ ಬದು ಕದಲಲಿಲ್ಲ.

ಶಿಷ್ಯ ಸ್ವಲ್ಪ ಹೊತ್ತು ಯೋಚಿಸಿ ತಿದ್ದಿದ. ಭಂಡಾರದಲ್ಲಿ ವಿಸ್ತೀರ್ಣವನ್ನು ದಶಮಾಂಶವಾಗಿ ಇಡದೆ 230 ಸೆಂಟು ಎಂದು ಪೂರ್ಣಾಂಕವಾಗಿಯೇ ಇಟ್ಟ. ಪಕ್ಕದಲ್ಲಿ ಅಳತೆಯ ಹೆಸರನ್ನೂ ಬರೆಸಿದ. ಎಕರೆಯಾಗಿ ಬಿಡಿಸಿ ತೋರಿಸುವ ನಿಯಮವನ್ನು ‘ಹೊಲ’ ಎಂಬ ಆ ವಸ್ತುವಿನೊಳಗೆ ಒಂದೇ ಕಡೆ ಇರಿಸಿದ. ಪರದೆಯಾಗಲಿ, ಮುದ್ರಿತ ಕಾಗದವಾಗಲಿ, ಎಲ್ಲವೂ ಅಲ್ಲಿಂದಲೇ ಕೇಳಿ ಪಡೆಯಬೇಕು. ಈಗ ಪರದೆಯಲ್ಲಿ ‘2 ಎಕರೆ 30 ಸೆಂಟು’ ಎಂದು ಮೂಡಿತು.

ತರಗತಿಯಲ್ಲಿ ಉತ್ತರದ ಮುಂದೆ ಮಾನ ಬರೆಯದವರಿಗೆ ನಾನು ಅರ್ಧ ಅಂಕ ಕಳೆಯುತ್ತಿದ್ದುದು ನಿಮಗೆ ನೆನಪಿರಬಹುದು. ಆಗ ಮುನಿಸಿಕೊಂಡವರು ಈಗಲಾದರೂ ಕ್ಷಮಿಸಿರಿ.