ಕರಟದ ಅನಿಲ ಮತ್ತು ಸರ್ಜ್ ರೇಖೆ: ತಿಪಟೂರು ಸೀಮೆಗೆ ಒಪ್ಪುವ ಸಂಯುಕ್ತ ಸ್ಥಾವರದ ಸ್ಥಿರತಾ ಮಾದರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಉಂಡೆ ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯಿಂದ ಬರುವುದರಿಂದ ಅದರ ಕರಟದಲ್ಲಿ ತೇವ ಕಡಿಮೆ. ಜೀವರಾಶಿಯನ್ನು ಅನಿಲವಾಗಿಸುವ ಗ್ಯಾಸಿಫೈಯರ್‌ಗೆ ಅದು ಹೇಳಿಮಾಡಿಸಿದ ಇಂಧನ. ಇದೇ ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 2007ರಲ್ಲಿ ಆರಂಭವಾದ 500 ಕಿಲೋವ್ಯಾಟ್ ಸ್ಥಾವರ ಜೀವರಾಶಿಯ ಅನಿಲದಿಂದ ಎಂಜಿನ್ ನಡೆಸಿ ವಿದ್ಯುತ್ ತೆಗೆಯಿತು. ಅಂಥ ಅನಿಲವನ್ನು ಶುದ್ಧಗೊಳಿಸಿ ಘನ ಆಕ್ಸೈಡ್ ಇಂಧನ ಕೋಶಕ್ಕೂ ಗ್ಯಾಸ್ ಟರ್ಬೈನಿಗೂ ಒಟ್ಟಾಗಿ ಉಣಿಸಿದರೆ, ಎರಡೂ ಸೇರಿದ ಆ ಸಂಯುಕ್ತ ಸ್ಥಾವರದ ದಕ್ಷತೆ ಹೆಚ್ಚುತ್ತದೆ. ಜೊತೆಗೆ ಸರ್ಜ್ ಎಂಬ ಹೊಸ ಅಪಾಯವೂ ಬರುತ್ತದೆ. ಹರಿವು ತಗ್ಗಿ ಒತ್ತಡ ಏರಿದಾಗ ಗಾಳಿ ಕಂಪ್ರೆಸರಿನಲ್ಲಿ ಹಿಂದಕ್ಕೆ ನುಗ್ಗುತ್ತದೆ. ಆ ಬಡಿತಕ್ಕೆ ಕೋಶದ ಪಿಂಗಾಣಿ ಪದರ ಸೀಳಬಹುದು. ನೈಸರ್ಗಿಕ ಅನಿಲಕ್ಕೆ ಕಟ್ಟಿದ ಸ್ಥಿರತಾ ಮಾದರಿ ಕರಟದ ಅನಿಲಕ್ಕೆ ಸಾಲದು, ಇಂಧನದ ಹರಿವೂ ಮಾದರಿಯ ಒಳಗೇ ಇರಬೇಕು ಎಂಬುದು ಇಲ್ಲಿನ ವಾದ.

ಗ್ರೈಟ್ಜರ್ 1976ರಲ್ಲಿ ಕೊಟ್ಟ ಸರ್ಜ್ ಮಾದರಿಯಲ್ಲಿ ಬಿ ಎಂಬ ಅಂಕವು ಚಕ್ರದ ವೇಗದೊಂದಿಗೂ ಕಂಪ್ರೆಸರಿನಿಂದ ಹೊರಟ ಗಾಳಿ ತುಂಬುವ ಜಾಗದ ಗಾತ್ರದ ವರ್ಗಮೂಲದೊಂದಿಗೂ ಏರುತ್ತದೆ; ಬಿ ದೊಡ್ಡದಾದಷ್ಟೂ ಸರ್ಜ್ ಸಾಧ್ಯತೆ ಹೆಚ್ಚು. ಮಾಮೂಲಿ ಟರ್ಬೈನಿನಲ್ಲಿ ಆ ಜಾಗದಲ್ಲಿರುವುದು ಪುಟ್ಟ ದಹನಕೋಣೆ. ಸಂಯುಕ್ತ ಸ್ಥಾವರದಲ್ಲಿ ಇಂಧನ ಕೋಶದ ಕಟ್ಟು, ಶಾಖ ವಿನಿಮಯಕಗಳು ಸೇರಿ ಬಿ ದೊಡ್ಡದಾಗುತ್ತದೆ. ಸರ್ಜ್ ಅಪಾಯದ ಈ ಮೊದಲ ಕಾರಣ ಎಲ್ಲ ಇಂಧನಕ್ಕೂ ಸಮಾನ. ಎರಡನೆಯ ಕಾರಣ ಇಂಧನದ್ದೇ. ಗಾಳಿಯಿಂದ ತೆಗೆದ ಕರಟದ ಅನಿಲದಲ್ಲಿ ನೈಟ್ರೋಜನ್ ತುಂಬಿರುವುದರಿಂದ ಅದರ ಶಾಖ ಘನಮೀಟರಿಗೆ ಸುಮಾರು 5 ಮೆಗಾಜೂಲ್. ತೂಕದ ಲೆಕ್ಕದಲ್ಲಿ ಮೀಥೇನಿನ ಸುಮಾರು ಹತ್ತನೆಯ ಒಂದು ಭಾಗ. ಅಷ್ಟೇ ಶಾಖಕ್ಕೆ ಹತ್ತು ಪಟ್ಟು ತೂಕದ ಅನಿಲ ಬೇಕು. ಟರ್ಬೈನಿನ ಬಾಯಿ ಹಾಯಿಸಬಲ್ಲ ಹರಿವಿಗೆ ಮಿತಿ ಇರುವುದರಿಂದ ಈ ಹೆಚ್ಚುವರಿ ತೂಕ ಗಾಳಿಯನ್ನು ತಗ್ಗಿಸುತ್ತದೆ, ಇಲ್ಲವೇ ಒತ್ತಡವನ್ನು ಏರಿಸುತ್ತದೆ. ಎರಡೂ ದಾರಿ ಸರ್ಜ್ ಶುರುವಾಗುವ ಗಡಿಯಾದ ಸರ್ಜ್ ರೇಖೆಯತ್ತಲೇ.

ಸರ್ಜ್ ಕ್ಷಣಾರ್ಧದ ಘಟನೆ, ಅನಿಲದ ಏರುಪೇರು ನಿಧಾನದ್ದು, ಹಾಗಾಗಿ ಎರಡನ್ನೂ ಬೆರೆಸಬೇಕಿಲ್ಲ ಎನ್ನಬಹುದು. ಆದರೆ ಕಂಪ್ರೆಸರಿನ ಕಾರ್ಯಬಿಂದುವನ್ನು ಸರ್ಜ್ ರೇಖೆಯ ಅಂಚಿಗೆ ತಳ್ಳುವುದೇ ಆ ನಿಧಾನದ ಏರುಪೇರು. ಗ್ರೈಟ್ಜರ್ ಮಾದರಿ ಅಕ್ಷೀಯ ಯಂತ್ರಕ್ಕೆ ಮೀಸಲು ಎಂಬ ಆಕ್ಷೇಪವೂ ನಿಲ್ಲದು: ಹ್ಯಾನ್ಸೆನ್ ಮತ್ತು ಸಂಗಡಿಗರು 1981ರಲ್ಲೇ ಅದನ್ನು ಸಣ್ಣ ಕೇಂದ್ರಾಪಗಾಮಿ ಕಂಪ್ರೆಸರಿಗೆ ಅನ್ವಯಿಸಿದರು, ಫಿಂಕ್, ಕಂಪ್ಸ್ಟಿ, ಗ್ರೈಟ್ಜರ್ 1992ರಲ್ಲಿ ಅಚ್ಚಿನ ವೇಗದ ಬದಲಾವಣೆಯನ್ನೂ ಸೇರಿಸಿದರು. ಗಾಳಿಯನ್ನು ಹೊರಬಿಡುವ ಕವಾಟ ಸಾಕಲ್ಲವೇ ಎಂಬ ಪ್ರಶ್ನೆ ಹೆಚ್ಚು ಗಟ್ಟಿಯಾದದ್ದು. ಕವಾಟ ಕಂಪ್ರೆಸರನ್ನು ಉಳಿಸೀತು. ಆದರೆ ಕೋಶವನ್ನು ತಣಿಸುವುದೂ ಆ ಗಾಳಿಯೇ, ಅದು ಕಡಿಮೆಯಾದಷ್ಟೂ ಕೋಶ ಕಾಯುತ್ತದೆ.

ಆದ್ದರಿಂದ ಅಚ್ಚಿನ ವೇಗ, ಕೋಶದ ಉಷ್ಣತೆ, ಅನಿಲದ ಶಾಖಮೌಲ್ಯ ಮೂರನ್ನೂ ಒಂದೇ ಮಾದರಿಯಲ್ಲಿ ಹೆಣೆಯಬೇಕು. ವಿದ್ಯುತ್ ಬೇಡಿಕೆ ಇಳಿಯದಿರುವಾಗ ಅನಿಲ ತೆಳುವಾದರೆ ಇಂಧನದ ತೂಕ ಏರುವುದರಿಂದ, ಸರ್ಜ್ ರೇಖೆಯಿಂದ ಇಡಬೇಕಾದ ಅಂತರವನ್ನು ಸರಾಸರಿ ಶಾಖಮೌಲ್ಯಕ್ಕಲ್ಲ, ಕನಿಷ್ಠ ಶಾಖಮೌಲ್ಯಕ್ಕೆ ನಿಗದಿಪಡಿಸುವುದೇ ಸರಿಯಾದ ವಿನ್ಯಾಸ ಕ್ರಮ.