ಮೆಟ್ಟಿಲ ಕೆಳಗೆ ಬಿದ್ದಿದ್ದವಳ ಹೆಸರು ಕ್ಯಾಥ್ಲೀನ್

(1/5)

ಹೋದ ವಾರ ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ, ನೆನಪಿದೆಯಾ? "ದಿ ಸ್ಟೇರ್‌ಕೇಸ್ ನೋಡಿದವರು ಹೇಳಿ, ಗಂಡ ಕೊಂದನಾ, ಇಲ್ವಾ?" ಅಂತ. ನಿಮ್ಮಲ್ಲಿ ತುಂಬಾ ಜನ "ಇಲ್ಲ" ಒತ್ತಿದ್ರಿ. ನಾನೂ ಅದೇ ಪಾರ್ಟಿ. ಇಪ್ಪತ್ನಾಲ್ಕು ಗಂಟೆ ಮುಗಿಯೋಕೆ ಮುಂಚೆನೇ ಅದನ್ನ ತೆಗೆದುಬಿಟ್ಟೆ. ಯಾಕೆ ಅಂತ ಮೆಸೇಜ್ ಮಾಡಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಟೈಪ್ ಮಾಡೋಕಾಗಲ್ಲ, ಅದಕ್ಕೆ ಈ ಐದು ಪೋಸ್ಟ್. ಉದ್ದ ಇದೆ. ಬಸ್ಸಲ್ಲಿ ಸೀಟು ಸಿಕ್ಕಾಗ ಓದಿ.

ನೋಡದೇ ಇರೋರಿಗೆ ಮೊದಲು ಕಥೆ. 2001ರ ಡಿಸೆಂಬರ್ 9. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಡರ್ಹಮ್ ಊರು. ರಾತ್ರಿ ಎರಡು ಮುಕ್ಕಾಲಿಗೆ ಸ್ವಲ್ಪ ಮುಂಚೆ ಮೈಕಲ್ ಪೀಟರ್ಸನ್ ಅನ್ನೋ ಕಾದಂಬರಿಕಾರ ತುರ್ತು ನಂಬರ್‌ಗೆ ಫೋನ್ ಮಾಡ್ತಾನೆ. ಹೆಂಡತಿ ಮೆಟ್ಟಿಲಿಂದ ಬಿದ್ದಿದ್ದಾಳೆ, ಇನ್ನೂ ಉಸಿರಾಡ್ತಿದ್ದಾಳೆ ಅಂತಾನೆ. ಪೊಲೀಸರು ಬಂದಾಗ ಕ್ಯಾಥ್ಲೀನ್ ಪೀಟರ್ಸನ್ ಸತ್ತುಹೋಗಿದ್ದಳು. ವಯಸ್ಸು 48. ಮೆಟ್ಟಿಲು, ಗೋಡೆ, ಎಲ್ಲ ಕಡೆ ರಕ್ತ. ಬರೀ ಬಿದ್ದರೆ ಇಷ್ಟು ರಕ್ತ ಬರುತ್ತಾ? ಹದಿನಾರು ವರ್ಷ ಎಳೆದ ಕೇಸು ಶುರುವಾಗಿದ್ದೇ ಈ ಪ್ರಶ್ನೆಯಿಂದ. ಎರಡು ವಾರ ಕಳೆಯೋದರೊಳಗೆ ಗಂಡನ ಮೇಲೆ ಕೊಲೆ ಆರೋಪ ಬಂತು.

(2/5)

ಅದೇ ಹೊತ್ತಿಗೆ ಫ್ರಾನ್ಸ್‌ನ ನಿರ್ದೇಶಕ ಜಾನ್ ಝಾವಿಯೆ ದ ಲೆಸ್ತ್ರಾದ್ ಅಮೆರಿಕದ ನ್ಯಾಯವ್ಯವಸ್ಥೆ ಬಗ್ಗೆ ಇನ್ನೊಂದು ಚಿತ್ರ ಮಾಡೋಕೆ ಕೇಸು ಹುಡುಕ್ತಿದ್ದ. ಕೊಲೆ ಆರೋಪಕ್ಕೆ ಸುಮ್ಮನೆ ಸಿಕ್ಕಿಬಿದ್ದ ಒಬ್ಬ ಹುಡುಗನ ಬಗ್ಗೆ ಅವನು ಮಾಡಿದ್ದ ಸಾಕ್ಷ್ಯಚಿತ್ರಕ್ಕೆ 2002ರಲ್ಲಿ ಆಸ್ಕರ್ ಬಂತು. ಪೀಟರ್ಸನ್ ಮತ್ತು ಅವನ ವಕೀಲ ಡೇವಿಡ್ ರುಡಾಲ್ಫ್ ಈ ತಂಡಕ್ಕೆ ಬಾಗಿಲು ತೆರೆದರು. ಅಡುಗೆಮನೆ, ಊಟದ ಟೇಬಲ್, ವಕೀಲರು ತಂತ್ರ ಹೂಡೋ ಕೋಣೆ, ಎಲ್ಲ ಕಡೆ ಕ್ಯಾಮೆರಾ. 600 ಗಂಟೆಗೂ ಹೆಚ್ಚು ಚಿತ್ರೀಕರಣ ಆಯ್ತು. ಅದನ್ನ ಅರೆದು ಸೋಸಿ ಎಂಟು ಕಂತು ಮಾಡಿ 2004ರಲ್ಲಿ ತೋರಿಸಿದರು. 2013ರಲ್ಲಿ ಮತ್ತೆರಡು, 2018ರಲ್ಲಿ ನೆಟ್‌ಫ್ಲಿಕ್ಸ್ ಮತ್ತೆ ಮೂರು ಸೇರಿಸಿ ಒಟ್ಟು ಹದಿಮೂರು. ನಾವು ನೋಡಿದ್ದು ಆ ಹದಿಮೂರನ್ನ. ಇವತ್ತು ಮೊಬೈಲಲ್ಲಿ ಸಾಲುಸಾಲಾಗಿ ಬರೋ ಕ್ರೈಂ ಸೀರೀಸ್‌ಗಳಿಗೆಲ್ಲ ಇದು ದೊಡ್ಡಕ್ಕ ಇದ್ದ ಹಾಗೆ.

2003ರ ಜುಲೈನಲ್ಲಿ ವಿಚಾರಣೆ ಶುರು. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ಎರಡೂ ಕಡೆ ಕೇಳಿದರೆ ಎರಡೂ ಸರಿ ಅನ್ಸುತ್ತೆ. ಕ್ಯಾಥ್ಲೀನ್ ತಲೆಯ ಹಿಂಭಾಗದಲ್ಲಿ ಏಳು ಸೀಳುಗಾಯ. "ಬಿದ್ದರೆ ಏಳು ಗಾಯ ಹೇಗಾಗುತ್ತೆ?" ಅಂತ ಸರ್ಕಾರಿ ಕಡೆ. "ಹೊಡೆದಿದ್ದರೆ ತಲೆಬುರುಡೆ ಯಾಕೆ ಒಡೆದಿಲ್ಲ, ಮೆದುಳಿಗೆ ಯಾಕೆ ಪೆಟ್ಟಾಗಿಲ್ಲ?" ಅಂತ ರುಡಾಲ್ಫ್. ಸರ್ಕಾರಿ ವಕೀಲರು ಹೇಳಿದ ಆಯುಧ ಏನು ಗೊತ್ತಾ? ಬ್ಲೋ ಪೋಕ್. ಅಗ್ಗಿಷ್ಟಿಕೆ ಊದೋ ಟೊಳ್ಳು ಲೋಹದ ಕೊಳವೆ. ನಮ್ಮಜ್ಜಿ ಒಲೆ ಊದ್ತಿದ್ದ ಊದುಗೊಳವೆನೇ, ಸ್ವಲ್ಪ ಉದ್ದ ಅಷ್ಟೇ. ಕ್ಯಾಥ್ಲೀನ್‌ಳ ಸಹೋದರಿ ಉಡುಗೊರೆ ಕೊಟ್ಟಿದ್ದ ಅದು ಮನೆಯಲ್ಲಿ ಕಾಣೆಯಾಗಿದೆ ಅಂದರು. ವಿಚಾರಣೆ ಮುಗಿಯೋಕೆ ಬಂದಾಗ ರುಡಾಲ್ಫ್ ಅದನ್ನ ಕೋರ್ಟಿಗೇ ತಂದು ತೋರಿಸಿದ. ಗ್ಯಾರೇಜ್‌ನಲ್ಲಿ ಜೇಡರಬಲೆ ಹಿಡಿದು ಬಿದ್ದಿತ್ತಂತೆ, ಎಲ್ಲೂ ತಗ್ಗು ಬಿದ್ದಿರಲಿಲ್ಲ. ಆ ಸೀನಲ್ಲಿ ನಾನು ಹಾಸ್ಟೆಲ್ ಮಂಚದ ಮೇಲೆ ಎದ್ದು ಕೂತು ಚಪ್ಪಾಳೆ ಹೊಡೆದಿದ್ದೆ. ರೂಮ್‌ಮೇಟ್ ದಿಂಬು ಎಸೆದಳು.

ಇನ್ನೊಂದು ಕಡೆ ನೋಡಿ. 1985ರಲ್ಲಿ, ಪೀಟರ್ಸನ್ ಜರ್ಮನಿಯಲ್ಲಿದ್ದಾಗ, ಅವನ ಸ್ನೇಹಿತೆ ಎಲಿಜಬೆತ್ ರಾಟ್ಲಿಫ್ ಕೂಡ ಮೆಟ್ಟಿಲ ಕೆಳಗೇ ಸತ್ತು ಬಿದ್ದಿದ್ದಳು. ಹಿಂದಿನ ಸಂಜೆ ಅವನು ಆ ಮನೆಗೆ ಹೋಗಿದ್ದ. ಆಗ ಮೆದುಳಿನ ರಕ್ತಸ್ರಾವ ಅಂತ ಬರೆದು ಮುಗಿಸಿದ್ದರು. ಅವಳ ಎರಡು ಹೆಣ್ಣುಮಕ್ಕಳನ್ನ ಸಾಕಿದ್ದು ಇದೇ ಪೀಟರ್ಸನ್. 2003ರಲ್ಲಿ ಟೆಕ್ಸಾಸ್‌ನಲ್ಲಿದ್ದ ಸಮಾಧಿ ಅಗೆದು ಮತ್ತೆ ಪರೀಕ್ಷೆ ಮಾಡಿದ ವೈದ್ಯರು ಅದೂ ಕೊಲೆ ಅಂದರು. ಜೊತೆಗೆ 14 ಲಕ್ಷ ಡಾಲರ್ ಜೀವವಿಮೆ. ಅದೂ ಸಾಲದು ಅಂತ ಪೀಟರ್ಸನ್ ಗಂಡಸರ ಜೊತೆ ಮಾಡಿದ್ದ ಇಮೇಲ್‌ಗಳನ್ನ ಕೋರ್ಟಲ್ಲಿ ಜೋರಾಗಿ ಓದಿದರು. ಇದು ಮಾತ್ರ ನನಗೆ ಈಗಲೂ ಸರಿ ಅನ್ಸಲ್ಲ. ಯಾರನ್ನ ಇಷ್ಟಪಡ್ತಾನೆ ಅನ್ನೋದಕ್ಕೂ ಕೊಲೆಗೂ ಏನು ಸಂಬಂಧ? ಜ್ಯೂರಿ ಸದಸ್ಯರ ಮುಖ ಗಂಟಾಗಲಿ ಅಂತ ಮಾಡಿದ ಕೆಲಸ ಅಂತ ನನ್ನ ಅಭಿಪ್ರಾಯ.

2003ರ ಅಕ್ಟೋಬರ್ 10. ತಪ್ಪಿತಸ್ಥ. ಪೆರೋಲ್ ಇಲ್ಲದ ಜೀವಾವಧಿ.

(3/5)

ಈ ಭಾಗ ಬಿಕಾಂನವರಿಗೆ ಸ್ಪೆಷಲ್, ಯಾಕಂದ್ರೆ ಇಲ್ಲಿ ಆಡಿಟ್ ಬರುತ್ತೆ.

ಜ್ಯೂರಿ ಮುಂದೆ ರಕ್ತದ ಕಲೆ ಓದಿ ಹೇಳಿದ ತಜ್ಞ ಡುವೇನ್ ಡೀವರ್, ರಾಜ್ಯದ ತನಿಖಾ ಪ್ರಯೋಗಾಲಯದವನು. 2010ರ ಫೆಬ್ರವರಿಯಲ್ಲಿ ಗ್ರೆಗ್ ಟೇಲರ್ ಅನ್ನೋ ಬೇರೊಬ್ಬ ವ್ಯಕ್ತಿ ನಿರಪರಾಧಿ ಅಂತ ಹೊರಗೆ ಬಂದ. ಅಷ್ಟೊತ್ತಿಗೆ ಹದಿನೇಳು ವರ್ಷ ಜೈಲಲ್ಲಿ ಕಳೆದಿದ್ದ. ಅವನ ಗಾಡಿ ಮೇಲೆ ರಕ್ತದ ಲಕ್ಷಣ ಇದೆ ಅಂತ ಡೀವರ್ ವರದಿ ಕೊಟ್ಟಿದ್ದ. ಮುಂದಿನ ಪರೀಕ್ಷೆಯಲ್ಲಿ ರಕ್ತ ಅಲ್ಲ ಅಂತ ಬಂದಿದ್ದನ್ನ ವರದಿಯಲ್ಲಿ ಬರೆದೇ ಇರಲಿಲ್ಲ. ಅಷ್ಟೇ. ಒಂದು ಸಾಲು ಬಿಟ್ಟಿದ್ದು, ಒಬ್ಬ ಮನುಷ್ಯನ ಹದಿನೇಳು ವರ್ಷ. ಆಮೇಲೆ ಎಫ್‌ಬಿಐನ ಇಬ್ಬರು ಮಾಜಿ ಅಧಿಕಾರಿಗಳನ್ನ ಕರೆಸಿ ಪ್ರಯೋಗಾಲಯದ 15,000ಕ್ಕೂ ಹೆಚ್ಚು ಫೈಲ್ ಜಾಲಾಡಿಸಿದರು. ಫಲಿತಾಂಶವನ್ನ ಅರ್ಧಂಬರ್ಧ ಬರೆದಿದ್ದ 230 ಕೇಸು ಸಿಕ್ಕವು. ಆಡಿಟಿಂಗ್ ಕ್ಲಾಸಲ್ಲಿ ನಮ್ಮ ಮೇಡಂ ಹೇಳ್ತಿರ್ತಾರಲ್ಲ, ಸುಳ್ಳು ಎಂಟ್ರಿಗಿಂತ ಬಿಟ್ಟುಹೋದ ಎಂಟ್ರಿ ಹಿಡಿಯೋದು ಕಷ್ಟ ಅಂತ. ಅದೇ ಇದು.

2011ರ ಜನವರಿಯಲ್ಲಿ ಡೀವರ್ ಕೆಲಸ ಹೋಯ್ತು. ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಆರ್ಲ್ಯಾಂಡೊ ಹಡ್ಸನ್, ಅಂದರೆ 2003ರಲ್ಲಿ ಕೇಸು ನಡೆಸಿದ್ದ ಅದೇ ನ್ಯಾಯಾಧೀಶ, ಡೀವರ್ ತನ್ನ ಅನುಭವದ ಬಗ್ಗೆ ಜ್ಯೂರಿಗೆ ದಾರಿ ತಪ್ಪಿಸಿದ್ದಾನೆ ಅಂತ ಹೇಳಿ ಹೊಸ ವಿಚಾರಣೆಗೆ ಆದೇಶ ಕೊಟ್ಟರು. ಪೀಟರ್ಸನ್ ಎಂಟು ವರ್ಷದ ಮೇಲೆ ಜಾಮೀನಿನಲ್ಲಿ ಹೊರಗೆ ಬಂದ.

ಹೊಸ ವಿಚಾರಣೆ ನಡೆಯಲೇ ಇಲ್ಲ. 2017ರ ಫೆಬ್ರವರಿ 24ರಂದು ಅವನು ಆಲ್ಫರ್ಡ್ ಪ್ಲೀ ಮಾಡಿದ. ಅಂದ್ರೆ, "ನಾನು ತಪ್ಪು ಮಾಡಿಲ್ಲ, ಆದರೆ ನಿಮ್ಮ ಹತ್ರ ನನ್ನನ್ನ ಶಿಕ್ಷಿಸೋಕೆ ಸಾಕಾಗುವಷ್ಟು ಸಾಕ್ಷ್ಯ ಇದೆ ಅಂತ ಒಪ್ತೀನಿ, ತಪ್ಪಿತಸ್ಥ ಅಂತಲೇ ಬರೆದುಕೊಳ್ಳಿ." ವಿಚಿತ್ರ ಅಲ್ವಾ? ಈ ದಾರಿ ಹುಟ್ಟಿದ್ದೂ ಅದೇ ನಾರ್ತ್ ಕ್ಯಾರೊಲಿನಾದಲ್ಲಿ. 1963ರ ಒಂದು ಕೊಲೆ ಕೇಸಿನಲ್ಲಿ ಹೆನ್ರಿ ಆಲ್ಫರ್ಡ್ ಅನ್ನೋನು ನಾನು ಕೊಂದಿಲ್ಲ ಅಂತ ಹೇಳ್ತಲೇ, ಮರಣದಂಡನೆ ತಪ್ಪಿಸಿಕೊಳ್ಳೋಕೆ ತಪ್ಪು ಒಪ್ಪಿಕೊಂಡ. 1970ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದು ನಡೆಯುತ್ತೆ ಅಂತು. ನಮ್ಮಲ್ಲಿ ಕೊಲೆ ಕೇಸಿಗೆ ಇಂಥ ಒಪ್ಪಂದ ಇಲ್ಲ. 2006ರಲ್ಲಿ ಪ್ಲೀ ಬಾರ್ಗೇನಿಂಗ್ ಬಂತು, ನಿಜ, ಆದರೆ ಅದು ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ.

ಪೀಟರ್ಸನ್‌ಗೆ ಸಿಕ್ಕ ಹೊಸ ಶಿಕ್ಷೆ 64ರಿಂದ 86 ತಿಂಗಳು. ಅದಕ್ಕಿಂತ ಜಾಸ್ತಿ ಆಗಲೇ ಜೈಲಲ್ಲಿ ಕಳೆದಿದ್ದ. ಅವತ್ತೇ ಮನೆಗೆ ಹೋದ. ಕಾಗದದ ಮೇಲೆ ಅಪರಾಧಿ, ಬಾಯಲ್ಲಿ ನಿರಪರಾಧಿ.

(4/5)

ಈಗ ಪೋಲ್ ವಿಷಯ.

ದಸರಾ ರಜೆಗೆ ಊರಿಗೆ ಹೋದಾಗ ಇದನ್ನೇ ಎರಡನೇ ಸಲ ನೋಡ್ತಿದ್ದೆ. ಅಮ್ಮ ಒಣಗಿದ ಬಟ್ಟೆ ಮಡಚ್ತಾ ಪಕ್ಕದಲ್ಲಿ ಕೂತಿದ್ರು. ನಾನು ಕನ್ನಡದಲ್ಲಿ ಕಥೆ ಹೇಳ್ತಿದ್ದೆ. ಒಂದು ಕಂತು ಪೂರ್ತಿ ಕೇಳಿದ ಮೇಲೆ ಅಮ್ಮ ಕೇಳಿದ್ದು ಒಂದೇ: "ಅಲ್ವೇ, ಸತ್ತೋಳು ಏನ್ ಕೆಲಸ ಮಾಡ್ತಿದ್ಲು?"

ನನಗೆ ತಟ್ಟನೆ ಹೇಳೋಕಾಗಲಿಲ್ಲ. ಪೀಟರ್ಸನ್ ಬಗ್ಗೆ ನನಗೆ ಎಲ್ಲ ಗೊತ್ತಿತ್ತು. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ, ಪೇಪರ್‌ನಲ್ಲಿ ಅಂಕಣ ಬರೆದು ಪೊಲೀಸರನ್ನ ಬೈತಿದ್ದ, 1999ರಲ್ಲಿ ಮೇಯರ್ ಚುನಾವಣೆಗೆ ನಿಂತು ಸೋತ, ಯುದ್ಧದ ಪದಕದ ಬಗ್ಗೆ ಸುಳ್ಳು ಹೇಳಿ ಸಿಕ್ಕಿಬಿದ್ದ, ಪೈಪ್ ಹೇಗೆ ಹಿಡೀತಾನೆ ಅನ್ನೋದು ಸಮೇತ. ಹದಿಮೂರು ಕಂತು ಅವನ ಜೊತೆ ಊಟ ಮಾಡಿದ್ದೆ. ಅವಳ ಬಗ್ಗೆ ಗೊತ್ತಿದ್ದಿದ್ದು ಗಾಯ ಏಳು, ರಕ್ತದಲ್ಲಿ ಆಲ್ಕೊಹಾಲ್ 0.07, ಇಷ್ಟೇ.

ಅವತ್ತು ರಾತ್ರಿ ಕೂತು ಹುಡುಕಿದೆ. ಕ್ಯಾಥ್ಲೀನ್ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿದವಳು. ನಾರ್ಟೆಲ್ ಅನ್ನೋ ದೊಡ್ಡ ಟೆಲಿಕಾಂ ಕಂಪನಿಯಲ್ಲಿ ಉನ್ನತ ಹುದ್ದೆಯಲ್ಲಿದ್ದಳು. 2000ರಲ್ಲಿ 124 ಕೆನಡಾ ಡಾಲರ್ ಮುಟ್ಟಿದ್ದ ನಾರ್ಟೆಲ್ ಷೇರು 2002ರ ಹೊತ್ತಿಗೆ ಒಂದು ಡಾಲರ್‌ಗಿಂತ ಕೆಳಗೆ ಬಿತ್ತು. ಸಾವಿರಾರು ಜನರ ಕೆಲಸ ಹೋಗ್ತಿತ್ತು. ಆ ಡಿಸೆಂಬರ್‌ನಲ್ಲಿ ಆ ಮನೆ ನಡೀತಿದ್ದಿದ್ದು ಮುಖ್ಯವಾಗಿ ಅವಳ ಸಂಬಳದಿಂದ. ಅವಳಿಗೆ ಮೊದಲ ಮದುವೆಯಿಂದ ಒಬ್ಬ ಮಗಳಿದ್ದಳು, ಆಗ ಕಾಲೇಜಿಗೆ ಹೋಗ್ತಿದ್ದಳು, ಹೆಚ್ಚುಕಮ್ಮಿ ನಮ್ಮದೇ ವಯಸ್ಸು. ಮೊದಲು ಆ ಹುಡುಗಿ ಮಲತಂದೆ ಪರವಾಗೇ ನಿಂತಿದ್ದಳು. ಮರಣೋತ್ತರ ಪರೀಕ್ಷೆಯ ವರದಿ ಓದಿದ ಮೇಲೆ ಎದುರು ಪಕ್ಕಕ್ಕೆ ಹೋದಳು. ಒಟ್ಟಿಗೆ ಬೆಳೆದ ಮಕ್ಕಳು ಕೋರ್ಟಲ್ಲಿ ಬೇರೆ ಬೇರೆ ಸಾಲಲ್ಲಿ ಕೂತರು. ಆಮೇಲೆ ಸಿನಿಮಾದಲ್ಲಿ ಅವಳು ಹೆಚ್ಚು ಕಾಣಲ್ಲ. ಕ್ಯಾಮೆರಾ ಇದ್ದಿದ್ದು ಈ ಕಡೆ ಮನೆಯಲ್ಲಿ.

ಕಕ್ಷಿದಾರನ ಮನೆಯಲ್ಲೇ ಎರಡು ವರ್ಷ ಉಂಡ ಆಡಿಟರ್ ಕೊಟ್ಟ ವರದಿಗೆ ನಾವು ಸಹಿ ಹಾಕ್ತೀವಾ? ಸರ್ಕಾರಿ ವಕೀಲರೂ ಅಲ್ಲಲ್ಲಿ ಮಾತಾಡ್ತಾರೆ, ಇಲ್ಲ ಅನ್ನಲ್ಲ, ಆದರೆ ಅವರನ್ನ ಅಡುಗೆಮನೆಯಲ್ಲಿ ನಾವು ನೋಡಲ್ಲ. ಇನ್ನೂ ಒಂದಿದೆ. ಸೀರೀಸ್‌ನ ಸಂಕಲನ ಮಾಡಿದವಳಿಗೂ ಪೀಟರ್ಸನ್‌ಗೂ ಆಮೇಲೆ ವರ್ಷಗಟ್ಟಲೆ ಪ್ರೀತಿ ನಡೀತು. ಅವಳ ಭಾವನೆ ಎಡಿಟಿಂಗ್‌ಗೆ ಅಡ್ಡ ಬರಲಿಲ್ಲ ಅಂತ ನಿರ್ದೇಶಕ ಹೇಳಿದ್ದಾನೆ. ಇರಬಹುದು. ನೋಡುವಾಗ ನನಗೆ ಅದು ಗೊತ್ತಿರಲಿಲ್ಲ ಅನ್ನೋದು ನನ್ನ ತಕರಾರು.

(5/5)

ತಪ್ಪು ತಿಳ್ಕೋಬೇಡಿ. ಈ ಕ್ಯಾಮೆರಾ ಇಲ್ಲದೇ ಇದ್ದಿದ್ದರೆ ಡೀವರ್‌ನಂಥವರು ಸಾಕ್ಷಿ ಹೇಳೋ ರೀತಿ, ತನಗೆ ಬೇಕಾದ ಕಲೆ ಬರೋಹಾಗೆ ಪ್ರಯೋಗ ಮಾಡಿದ್ದಾನೆ ಅಂತ ವಕೀಲರು ಹಿಡಿದು ಕೇಳೋದು, ನಮ್ಮಂಥವರ ಕಣ್ಣಿಗೆ ಬೀಳ್ತಲೇ ಇರಲಿಲ್ಲ. ಅವನು ಕೊಂದನಾ ಅಂತ ಈಗ ಕೇಳಿದರೆ ನಾನು ಎರಡೂ ಬಟನ್ ಒತ್ತಲ್ಲ. ಆದರೆ 2003ರಲ್ಲಿ ಕೊಟ್ಟ ಆ ಶಿಕ್ಷೆ ನಿಲ್ಲಬಾರದಿತ್ತು ಅಂತ ಮಾತ್ರ ಖಂಡಿತ ಅಂತೀನಿ. ಇದೂ ಅದೂ ಬೇರೆ ಬೇರೆ ಪ್ರಶ್ನೆ. ಪೋಲ್‌ನಲ್ಲಿ ಎರಡಕ್ಕೂ ಒಂದೇ ಬಟನ್ ಇಟ್ಟಿದ್ದೆ.

2017ರ ಆ ದಿನ ಕೋರ್ಟಲ್ಲಿ ಕ್ಯಾಥ್ಲೀನ್‌ಳ ಸಹೋದರಿಯರು ಎದ್ದು ನಿಂತು ಮಾತಾಡಿದರು. ಸೀರೀಸ್‌ನಲ್ಲೂ ಇದೆ. ಮೊದಲ ಸಲ ನೋಡಿದಾಗ ಅಲ್ಲಿ ಹತ್ತು ಹತ್ತು ಸೆಕೆಂಡ್ ಮುಂದಕ್ಕೆ ಓಡಿಸಿದ್ದೆ, ಬೇಗ ಕೊನೆ ನೋಡೋಣ ಅಂತ. ಈ ಸಲ ಪೂರ್ತಿ ನೋಡಿದೆ. ನೀವೂ ನೋಡೋದಾದರೆ ಅಲ್ಲಿ ಓಡಿಸಬೇಡಿ.

ಕಾಮೆಂಟ್‌ನಲ್ಲಿ "ಅವನೇ", "ಅವನಲ್ಲ" ಹಾಕೋರಿಗೆ ನಾನು ರಿಪ್ಲೈ ಮಾಡಲ್ಲ, ಬೇಜಾರಾಗಬೇಡಿ. ಗೂಬೆ ಬಂದು ಕುಕ್ಕಿದ್ದು ಅನ್ನೋ ಥಿಯರಿ ಬಗ್ಗೆ ಕೇಳಿದವರಿಗೆ: ಹೌದು, ಅದು ನಿಜವಾಗಲೂ ಇದೆ, ನೆರೆಮನೆಯ ವಕೀಲರೊಬ್ಬರು ಹೇಳಿದ್ದು, ಕ್ಯಾಥ್ಲೀನ್ ಕೂದಲಲ್ಲಿ ಸಣ್ಣ ಗರಿಯ ಚೂರು ಸಿಕ್ಕಿದ್ದೂ ನಿಜ. ಅದಕ್ಕೆ ಮೀಮ್ ಮಾಡಿ ಕಳಿಸಬೇಡಿ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ಇಂಜಿನಿಯರ್ ಆಗಿದ್ಲು ಅಂತ. "ಹೂಂ" ಅಂದ್ರು. ಆಮೇಲೆ, "ಮಗಳು ಈಗ ಹೇಗಿದ್ದಾಳಂತೆ?" ಅಂತ ಕೇಳಿದ್ರು.